ಕಿವಿಗೆ ಸಿಗದೇ ಇದ್ದದ್ದು ಕಣ್ಣಿಗೆ ಸಿಗುತ್ತದೆ

ಬ್ರಿಟನ್ನಿನ ಫ್ರೀ ಇಂಪ್ರೊವೈಸೇಶನ್ ರೆಕಾರ್ಡು ಹಾಕಿ, ಎರಡೇ ನಿಮಿಷಕ್ಕೆ ‘ಇದೇನ್ರೀ, ಪಾತ್ರೆ ಉರುಳಿಸಿದ ಹಾಗಿದೆ’ ಅಂತ ಆಫ್ ಮಾಡಿದವರನ್ನು ನಾನು ದೂರುವುದಿಲ್ಲ. ಮೊದಲೇ ಗೊತ್ತುಮಾಡಿಕೊಂಡ ಟ್ಯೂನ್ ಇಲ್ಲ, ಹಿಡಿದು ಎಣಿಸುವ ತಾಳವೂ ಇಲ್ಲ. ಆ ಹೊತ್ತಿಗೆ ಏನು ಹುಟ್ಟುತ್ತೋ ಅದೇ ಸಂಗೀತ. ಇದನ್ನು ಮೊದಲು ನೋಡಬೇಕು, ಆಮೇಲೆ ಕೇಳಬೇಕು ಅನ್ನುವುದು ನನ್ನ ವಾದ. ಹಾಗಾಗಿಯೇ ಹಳೆಯ ಟಿವಿ ದೃಶ್ಯಗಳ ಬಗ್ಗೆ ನನಗೆ ಇಷ್ಟೊಂದು ಆಸೆ, ಅಷ್ಟೇ ಸಿಟ್ಟು.

ಇವಾನ್ ಪಾರ್ಕರ್ ಅವರನ್ನೇ ತಗೊಳ್ಳಿ. ಅವರ ಸೊಪ್ರಾನೊ ಸ್ಯಾಕ್ಸೊಫೋನ್ ಸೋಲೊ ಬರೀ ಆಡಿಯೋದಲ್ಲಿ ಕೇಳಿದರೆ ಇಬ್ಬರೋ ಮೂವರೋ ನುಡಿಸುತ್ತಿದ್ದಾರೆ, ಇಲ್ಲವೇ ಟೇಪು ಕತ್ತರಿಸಿ ಅಂಟಿಸಿದ್ದಾರೆ ಅನಿಸುತ್ತದೆ. ಸ್ವರ ನಿಲ್ಲುವುದೇ ಇಲ್ಲ. ವಿಡಿಯೋದಲ್ಲಿ ನೋಡಿ. ಕೆನ್ನೆ ಉಬ್ಬುತ್ತದೆ, ಕೆನ್ನೆಯಲ್ಲಿ ತುಂಬಿಟ್ಟ ಗಾಳಿ ವಾದ್ಯಕ್ಕೆ ಹೋಗುತ್ತಿರುವಾಗಲೇ ಮೂಗಿನಿಂದ ಹೊಸ ಉಸಿರು ಒಳಗೆ ಬರುತ್ತದೆ. ನಾಗಸ್ವರದವರ ಕೆನ್ನೆ ನೋಡಿ ಬೆಳೆದ ನಮಗೆ ಇದು ತಕ್ಷಣ ಅರ್ಥವಾಗುತ್ತೆ, ಅಲ್ವಾ? ಇದೇ ಬಗೆಯ ಸಂಗೀತದ ಎಎಂಎಂ ಅನ್ನುವ ತಂಡದ ಕೀತ್ ರೋ ಅಂತೂ ಗಿಟಾರನ್ನು ಮೇಜಿನ ಮೇಲೆ ಮಲಗಿಸಿಬಿಡುತ್ತಾರೆ, ಪಕ್ಕದಲ್ಲಿ ರೇಡಿಯೋ ಬೇರೆ. ಕಣ್ಣಿಗೆ ಬೀಳದಿದ್ದರೆ ಅದು ಗಿಟಾರ್ ಅಂತ ಯಾರು ಹೇಳಬೇಕು!

ಇಂಥ ಸಂಗೀತ ಬೆಳೆದದ್ದು 1960ರ ದಶಕದಲ್ಲಿ. ಡ್ರಮ್ಸ್ ವಾದಕ ಜಾನ್ ಸ್ಟೀವನ್ಸ್ ಅವರ ಸ್ಪಾಂಟೇನಿಯಸ್ ಮ್ಯೂಸಿಕ್ ಎನ್ಸೆಂಬಲ್ ಅನ್ನುವ ತಂಡ 1966ರಲ್ಲಿ ಲಂಡನ್ನಿನ ಲಿಟಲ್ ಥಿಯೇಟರ್ ಕ್ಲಬ್ಬಿನಲ್ಲಿ ನೆಲೆ ಕಂಡುಕೊಂಡಿತು. ಬಿಬಿಸಿ ತನ್ನ ಟೇಪುಗಳನ್ನು ಅಳಿಸುತ್ತಿದ್ದದ್ದೂ ಅದೇ ಕಾಲದಲ್ಲಿ. ಎರಡು ಇಂಚಿನ ವಿಡಿಯೋ ಟೇಪು ದುಬಾರಿ, ಅಳಿಸಿದರೆ ಮತ್ತೆ ಬಳಸಬಹುದು. ಕಲಾವಿದರ ಸಂಘಗಳ ಜೊತೆಗಿನ ಒಪ್ಪಂದದಿಂದಾಗಿ ಮರುಪ್ರಸಾರಕ್ಕೂ ಮಿತಿ ಇತ್ತು. ಇಟ್ಟುಕೊಂಡು ಏನು ಮಾಡುವುದು ಅಂತ ಅವರ ಲೆಕ್ಕ. ಹೊರದೇಶಕ್ಕೆ ಮಾರಲು ಫಿಲ್ಮಿಗೆ ಇಳಿಸಿದ್ದು ಎಷ್ಟೋ ಉಳಿಯಿತು, ಟೇಪಿನಲ್ಲೇ ಇದ್ದದ್ದು ಎಷ್ಟೋ ಹೋಯಿತು. ನಾಟಕದ ಟೇಪು ಹೋದರೆ ಸ್ಕ್ರಿಪ್ಟಾದರೂ ಇರುತ್ತದೆ. ಇಲ್ಲಿ ಟೇಪು ಹೋದರೆ ಆ ಸಂಗೀತವೇ ಹೋದ ಹಾಗೆ. ಅದಕ್ಕೆ ಸ್ವರಲಿಪಿಯೂ ಇರಲಿಲ್ಲ.

ಉಳಿದಿದ್ದರಲ್ಲಿ ‘ಜಾಝ್ 625’ ನಿಜಕ್ಕೂ ಚಿನ್ನ. 1964ರಲ್ಲಿ ಶುರುವಾದ ಬಿಬಿಸಿ 2 ವಾಹಿನಿಯ ಕಾರ್ಯಕ್ರಮ. 625 ಅಂದರೆ ಪರದೆಯ ಗೆರೆಗಳ ಸಂಖ್ಯೆ. ಹಳೆಯದು 405 ಗೆರೆ, ಇದು ಆಗಿನ ಕಾಲದ ಎಚ್‌ಡಿ ಅಂದುಕೊಳ್ಳಿ. 1965ರ ಬಿಲ್ ಇವಾನ್ಸ್ ಟ್ರಿಯೋ ಕಂತು ನೋಡಿದರೆ ಪಿಯಾನೊ ಮೇಲೆ ಬಾಗಿದ ಆ ತಲೆ ಮರೆಯುವುದಿಲ್ಲ. ಆದರೆ ಇವಾನ್ಸ್ ಅಮೆರಿಕದವರು. ಹುಡುಕಿದಾಗ ಮೊದಲು ಸಿಗುವುದು ಇವಾನ್ಸ್, ಮಾಂಕ್‌ರಂಥ ಅಮೆರಿಕದ ದೊಡ್ಡ ಹೆಸರುಗಳೇ. ಜಮೈಕಾದಿಂದ 1951ರಲ್ಲಿ ಬ್ರಿಟನ್ನಿಗೆ ಬಂದು, 1960ರಷ್ಟು ಹಿಂದೆಯೇ ಫ್ರೀ ಜಾಝ್, ಅಂದರೆ ಕಟ್ಟುಪಾಡಿಲ್ಲದ ಜಾಝ್, ರೆಕಾರ್ಡು ಮಾಡಿದ ಸ್ಯಾಕ್ಸೊಫೋನ್ ವಾದಕ ಜೋ ಹ್ಯಾರಿಯಟ್ ನುಡಿಸುವುದನ್ನು ನೋಡಬೇಕು ಅಂದರೆ ತಡಕಾಡಬೇಕು. ಕೋಲ್ಕತ್ತಾದಲ್ಲಿ ಹುಟ್ಟಿದ ಪಿಟೀಲು ವಾದಕ ಜಾನ್ ಮೇಯರ್ ಜೊತೆ ಸೇರಿ ಸಿತಾರ್, ತಬಲಾ, ಸ್ಯಾಕ್ಸೊಫೋನು ಒಟ್ಟಿಗೆ ಕೂರಿಸಿದವರು ಅವರೇ. 1973ರಲ್ಲಿ ತೀರಿಕೊಂಡರು, ಕೈಯಲ್ಲಿ ಕಾಸಿಲ್ಲದೆ.

ಟಿವಿ ಒಮ್ಮೆ ಸರಿಯಾದ ಕೆಲಸವನ್ನೂ ಮಾಡಿತು. 1992ರಲ್ಲಿ ಚಾನೆಲ್ 4 ಗಿಟಾರ್ ವಾದಕ ಡೆರೆಕ್ ಬೇಲಿ ಅವರಿಂದ ಇಂಪ್ರೊವೈಸೇಶನ್ ಬಗ್ಗೆ ನಾಲ್ಕು ಕಂತು ಮಾಡಿಸಿತು, ನಿರ್ದೇಶನ ಜೆರೆಮಿ ಮಾರ್. ಪ್ಯಾರಿಸ್ಸಿನ ಚರ್ಚಿನ ಆರ್ಗನ್‌ನಿಂದ ಹಿಡಿದು ನ್ಯೂಯಾರ್ಕಿನ ಸ್ಯಾಕ್ಸೊಫೋನ್ ವಾದಕ ಜಾನ್ ಝೋರ್ನ್‌ವರೆಗೆ ಎಲ್ಲ ಅದರಲ್ಲಿದೆ. ಅದಕ್ಕೆ ಆಧಾರ ಬೇಲಿಯವರದೇ ಪುಸ್ತಕ. ಆ ಪುಸ್ತಕದಲ್ಲಿ ಭಾರತೀಯ ಸಂಗೀತಕ್ಕೂ ಜಾಗ ಕೊಟ್ಟಿದ್ದಾರೆ. ನಮ್ಮ ಸಂಗೀತದಲ್ಲಿ ಆಗಲೇ ಹೊಳೆದದ್ದನ್ನು ನುಡಿಸುವ ಮನೋಧರ್ಮ ಅಂದರೇನು ಅಂತ ತಲೆ ಕೆಡಿಸಿಕೊಂಡವರು ಸುಮ್ನೆ ಆ ಕಂತುಗಳನ್ನು ಒಂದು ಸಲ ನೋಡಿ. ಯಾರೋ ಮನೆಯ ವಿಎಚ್‌ಎಸ್‌ನಲ್ಲಿ ಹಿಡಿದ ಮಸುಕು ಕಾಪಿ ಸಿಕ್ಕರೂ ಸಾಕು.

ಈಗಿನ ಸಾಕ್ಷ್ಯಚಿತ್ರಗಳ ಕಥೆ ಬೇರೆ. ಹಳೆಯ ದೃಶ್ಯ ಇಪ್ಪತ್ತು ಸೆಕೆಂಡು ಬರುತ್ತದೆ, ಕೈ ಏನು ಮಾಡುತ್ತಿದೆ ಅಂತ ನೋಡುವಷ್ಟರಲ್ಲಿ ಒಬ್ಬ ಪಂಡಿತರು ಮೇಲೆ ಮಾತಾಡಲು ಶುರು. ‘ಅದೊಂದು ಕ್ರಾಂತಿ’ ಅಂತ. ಸ್ವಾಮೀ, ಕ್ರಾಂತಿ ಕೇಳಿಸಲಿ, ಸ್ವಲ್ಪ ಸುಮ್ನಿರಿ. ಉಳಿದಿರುವುದೇ ಇಷ್ಟು. ಕತ್ತರಿ ಹಾಕದೆ, ಮಾತು ತುರುಕದೆ, ಇಡೀ ಕಂತುಗಳನ್ನು ಇದ್ದ ಹಾಗೇ ಜನರಿಗೆ ಬಿಟ್ಟುಕೊಡಲು ಬಿಬಿಸಿಗೆ ಏನಡ್ಡಿ? ಹಕ್ಕಿನ ತಕರಾರು ಇರುತ್ತದೆ, ಒಪ್ಪುತ್ತೇನೆ. ನುಡಿಸಿದವರ ಮನೆಯವರಿಗೆ ದುಡ್ಡು ಕೊಟ್ಟು ಬಗೆಹರಿಸಲಿ. ನೋಡುವುದಕ್ಕೆ ನಾನೂ ಕಾಸು ಕೊಡುತ್ತೇನೆ.