ಸತ್ಯಾಂಶ: ಬಟ್ಟೆ ಜಾಸ್ತಿ ಹಾಕಿದಷ್ಟೂ ಬೆಚ್ಚಗಿರುತ್ತದೆಯೇ?

ಚಳಿಗಾಲದಲ್ಲಿ ಉತ್ತರಾಖಂಡದ ಕೇದಾರಕಂಠ ಶಿಖರ ಹತ್ತುವವರು ಎರಡು ಕಾಟನ್ ಬನಿಯನ್ ಹಾಕಿ, ಮೇಲೆ ದಪ್ಪ ಜಾಕೆಟ್ ತೊಟ್ಟೇ ನಡೆಯಬೇಕು ಎನ್ನುವ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಇದು ತಪ್ಪು ಸಲಹೆ.

ಬೆಚ್ಚಗಿಡುವುದು ಬಟ್ಟೆಯ ಭಾರವಲ್ಲ, ಅದರೊಳಗೆ ಸಿಕ್ಕಿಕೊಂಡ ಗಾಳಿ. ಬ್ಯಾಗ್ ಹೊತ್ತು ಏರು ಹತ್ತುವಾಗ ಹಿಮದ ನಡುವೆಯೂ ಬೆನ್ನು ಬೆವರುತ್ತದೆ. ಹತ್ತಿ ಆ ಬೆವರನ್ನು ಹೀರಿಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ಬ್ಯಾಗ್ ಇಳಿಸಿ ಸುಮ್ನೆ ಕೂತರೆ ಸಾಕು, ಒದ್ದೆ ಬನಿಯನ್ ಬೆನ್ನಿಗಂಟಿ ನಡುಕ ಶುರು.

ಮೈಗೆ ಪಾಲಿಯೆಸ್ಟರ್ ಅಥವಾ ಉಣ್ಣೆ, ಮೇಲೆ ಫ್ಲೀಸ್ (ಹಗುರವಾದ, ಮೆತ್ತನೆಯ ಬೆಚ್ಚಗಿನ ಬಟ್ಟೆ), ಗಾಳಿ ತಡೆಯಲು ಜಾಕೆಟ್ ಇರಲಿ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಿದರೆ ಅದೇ ಸರಿ. ಬೆವರುವ ಮೊದಲೇ ಒಂದು ಪದರ ತೆಗೆಯಿರಿ, ನಿಂತ ಕೂಡಲೇ ಹಾಕಿಕೊಳ್ಳಿ.

ಸಾಕ್ಸ್ ಕೂಡ ಅಷ್ಟೇ. ಶೂ ಬಿಗಿಯಾಗುವಷ್ಟು ಹಾಕಿದರೆ ರಕ್ತ ಸರಿಯಾಗಿ ಹರಿಯದೆ ಬೆರಳು ಇನ್ನೂ ತಣ್ಣಗಾಗುತ್ತದೆ.