ಬಿಟ್ಟು ಬರಬಹುದಾದ ಶಿಖರ

ಬೆಟ್ಟಗಳಿಗೆ ಒಬ್ಬರೇ ಹೋಗಬಾರದು ಎಂಬುದು ಚಾರಣಕ್ಕೆ ಹೊರಟವರಿಗೆಲ್ಲ ಸಿಗುವ ಮೊದಲ ಬುದ್ಧಿಮಾತು. ಅದು ತಪ್ಪೆಂದು ನಾನು ಹೇಳಲಾರೆ. ಕಾಲು ಉಳುಕಿದಾಗ ಹೆಗಲು ಕೊಡುವವರು ಪಕ್ಕದಲ್ಲಿದ್ದರೆ ಅದಕ್ಕೆ ಸಾಟಿಯಾದ ಸಲಕರಣೆ ಯಾವುದೂ ಇಲ್ಲ. ಆದರೂ ಶರತ್ಕಾಲದ ಒಂದು ದಿನ ಬೆಳಗ್ಗೆ ಹೊರಟು, ಎರಡು ಮೂರು ಶಿಖರಗಳನ್ನು ಒಂದರ ಹಿಂದೊಂದರಂತೆ ದಾಟಿ, ಕತ್ತಲಾಗುವುದರೊಳಗೆ ಇಳಿದು ಬರುವ ಒಂಟಿ ನಡಿಗೆಯನ್ನು ನಾನು ಬಿಟ್ಟಿಲ್ಲ, ಬಿಡಬೇಕೆಂದು ಅನ್ನಿಸಿಯೂ ಇಲ್ಲ. ನನ್ನ ತಕರಾರು ಬೇರೆ. ಒಬ್ಬರೇ ಹೋಗುವ ಹಲವರು ಎಷ್ಟು ಶಿಖರ ಹತ್ತಬಹುದು ಎಂಬ ಲೆಕ್ಕದ ಮೇಲೆ ದಾರಿ ಗೊತ್ತುಮಾಡುತ್ತಾರೆ. ಯಾವ ಶಿಖರವನ್ನು ಎಲ್ಲಿಂದ ಕೈಬಿಟ್ಟು ಇಳಿಯಬಹುದು ಎಂಬ ಲೆಕ್ಕವನ್ನು ಮನೆಯಲ್ಲಿದ್ದಾಗಲೇ ಹಾಕಿಕೊಂಡು ಹೊರಡುವವರು ನನಗೆ ಕಂಡದ್ದು ಕಡಿಮೆ.

ಈ ಋತುವಿನಲ್ಲಿ ಎಲ್ಲಕ್ಕಿಂತ ಮೊದಲು ಎಣಿಸಬೇಕಾದದ್ದು ಹಗಲನ್ನು. ಉತ್ತರ ಗೋಳಾರ್ಧದಲ್ಲಿ ಹಗಲು ರಾತ್ರಿ ಸಮವಾಗುವ ಸೆಪ್ಟೆಂಬರ್ 22 ಅಥವಾ 23ರ ವಿಷುವದ ಆಸುಪಾಸಿನಲ್ಲೇ ಹಗಲು ಅತಿ ವೇಗವಾಗಿ ಕುಗ್ಗುತ್ತಾ ಹೋಗುತ್ತದೆ. 45 ಡಿಗ್ರಿ ಅಕ್ಷಾಂಶದ ಸುತ್ತಮುತ್ತ ಅದು ದಿನಕ್ಕೆ ಸುಮಾರು 3 ನಿಮಿಷ, ವಾರಕ್ಕೆ 20 ನಿಮಿಷಕ್ಕೂ ಮಿಗಿಲು. ಸೆಪ್ಟೆಂಬರ್ ಕೊನೆಯಲ್ಲಿ ಆರಾಮವಾಗಿ ಮುಗಿದ ದಾರಿಗೆ ಮೂರು ವಾರ ಬಿಟ್ಟು ಹೋದರೆ ಒಂದು ಗಂಟೆಯಷ್ಟು ಬೆಳಕು ಕಡಿಮೆಯಾಗಿರುತ್ತದೆ. ಪೂರ್ವದ ಇಳಿಜಾರಿನಲ್ಲಿ ಇಳಿಯುವವರಿಗೆ ಪಂಚಾಂಗದ ಸೂರ್ಯಾಸ್ತಕ್ಕಿಂತ ಎಷ್ಟೋ ಮೊದಲೇ ಬಿಸಿಲು ಬೆನ್ನ ಹಿಂದಿನ ಬೆಟ್ಟದ ಮರೆಗೆ ಹೋಗಿರುತ್ತದೆ ಎಂಬುದನ್ನೂ ಇದರ ಜೊತೆಗೆ ಸೇರಿಸಿಕೊಳ್ಳಬೇಕು.

ಸಮಯದ ಅಂದಾಜಿಗೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ: ನಡೆಯುವ ಪ್ರತಿ 3 ಮೈಲಿಗೆ ಒಂದು ಗಂಟೆ, ಏರುವ ಪ್ರತಿ 2,000 ಅಡಿಗೆ ಇನ್ನೊಂದು ಗಂಟೆ. ಇಂದಿನ ಅಳತೆಯಲ್ಲಿ ಹೆಚ್ಚುಕಡಿಮೆ 5 ಕಿಲೋಮೀಟರ್ ಮತ್ತು 600 ಮೀಟರ್. ಹಾಗಾಗಿ 15 ಕಿಲೋಮೀಟರ್ ಉದ್ದದ, ಒಟ್ಟು 1,200 ಮೀಟರ್ ಏರಿಕೆಯ ದಾರಿಗೆ 5 ಗಂಟೆ. ಕುಳಿತು ಸುಧಾರಿಸಿಕೊಂಡ ಹೊತ್ತು, ನಕ್ಷೆ ಬಿಡಿಸಿ ನಿಂತ ಹೊತ್ತು ಇದರಲ್ಲಿ ಸೇರಿಲ್ಲವಾದ್ದರಿಂದ ನಾನು ಇದರ ಮೂರನೇ ಒಂದು ಭಾಗವನ್ನು ಮೇಲೆ ಸೇರಿಸಿಕೊಳ್ಳುತ್ತೇನೆ. ಹಲವು ಶಿಖರಗಳ ದಾರಿಯಲ್ಲಿ ಲೆಕ್ಕ ತಪ್ಪುವುದು ನಡುವಿನ ತಗ್ಗುಗಳಲ್ಲಿ. ಅತಿ ಎತ್ತರದ ಶಿಖರದಿಂದ ಬುಡದ ಎತ್ತರವನ್ನು ಕಳೆದು ಅಷ್ಟೇ ಏರಿಕೆ ಎಂದುಕೊಂಡರೆ, ಪ್ರತಿ ತಗ್ಗಿಗೂ 200 ಮೀಟರ್ ಇಳಿದು ಮತ್ತೆ ಅಷ್ಟೇ ಏರಬೇಕಾಗಿರುವುದು ಲೆಕ್ಕದಿಂದ ಹೊರಗುಳಿಯುತ್ತದೆ. ಅಂತಹ ಎರಡು ತಗ್ಗುಗಳಿದ್ದರೆ 40 ನಿಮಿಷ ಹೆಚ್ಚು ಬೇಕು, ಅದೂ ಕಾಲು ಸೋತ ಮಧ್ಯಾಹ್ನದ ನಂತರ.

ಆದ್ದರಿಂದಲೇ ಬಹಳ ಆಸೆಯಿಂದ ಕಾದಿರುವ ಶಿಖರವನ್ನು ಕೊನೆಗೆ ಇಟ್ಟುಕೊಳ್ಳಬಾರದು ಎನ್ನುತ್ತೇನೆ. ಅದನ್ನು ಬೆಳಗ್ಗೆಯೇ ಮುಗಿಸಿ, ಬಿಟ್ಟರೂ ಮನಸ್ಸು ಹಳಹಳಿಸದಂತಹ ಶಿಖರವನ್ನು ಕೊನೆಗೆ ಇಟ್ಟುಕೊಳ್ಳಬೇಕು. ಅದಕ್ಕೂ ಮುಂಚಿನ ತಗ್ಗಿನಿಂದ ಕಣಿವೆಗೆ ಇಳಿಯುವ ಸರಿಯಾದ ದಾರಿಯೊಂದು ಇರಲೇಬೇಕು. ಸಮಾನ ಎತ್ತರ ತೋರಿಸುವ ಗೆರೆಗಳು ನಕ್ಷೆಯಲ್ಲಿ ಒತ್ತೊತ್ತಾಗಿರುವಲ್ಲಿ, ಅಂದರೆ ಕಡಿದಾದ ಕಡೆ, ಕಾಣುವ ಅಡ್ಡದಾರಿಯನ್ನು ನಾನು ದಾರಿಯೆಂದು ಎಣಿಸುವುದಿಲ್ಲ, ಮಂಜು ಕವಿದಾಗ ಇಂತಹ ಕೊರಕಲುಗಳು ಬಂಡೆಯ ಅಂಚಿಗೆ ಹೋಗಿ ನಿಲ್ಲುತ್ತವೆ. ‘ಮಧ್ಯಾಹ್ನ 2 ಗಂಟೆಯೊಳಗೆ ಈ ತಗ್ಗನ್ನು ತಲುಪದಿದ್ದರೆ ಮುಂದಿನ ಶಿಖರವಿಲ್ಲ’ ಎಂದು ಹಿಂದಿನ ರಾತ್ರಿಯೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ನನ್ನ ರೂಢಿ. ಗುಂಪಿನಲ್ಲಿ ಹೋದಾಗ ಯಾರದೋ ಮಂಡಿನೋವು, ಯಾರದೋ ಬೇಸರ ಈ ತೀರ್ಮಾನವನ್ನು ತಾನಾಗಿ ಮಾಡಿಬಿಡುತ್ತದೆ. ಒಬ್ಬನೇ ಇದ್ದಾಗ ‘ಇನ್ನು ಇಷ್ಟೇ ತಾನೆ’ ಎನ್ನುವ ಮನಸ್ಸಿಗೆ ಎದುರು ಹೇಳಲು ಆ ಚೀಟಿಯೊಂದೇ ಇರುತ್ತದೆ.

ಹವೆಯ ವಿಷಯಕ್ಕೆ ಬಂದರೆ, ಸಾವಿರ ಮೀಟರ್ ಮೇಲಕ್ಕೆ ಹೋದಂತೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಆದರೆ ಶರತ್ಕಾಲದ ಎಷ್ಟೋ ಬೆಳಗುಗಳಲ್ಲಿ ಇದು ತಲೆಕೆಳಗಾಗುತ್ತದೆ. ಮೋಡವಿಲ್ಲದ ದೀರ್ಘ ರಾತ್ರಿಯಲ್ಲಿ ನೆಲ ಶಾಖ ಕಳೆದುಕೊಂಡು, ತಣ್ಣಗಾದ ಭಾರದ ಗಾಳಿ ಕಣಿವೆಗಳಲ್ಲಿ ತುಂಬಿಕೊಂಡು ಮಂಜಾಗುತ್ತದೆ, ಮೇಲಿನ ಶಿಖರಗಳಲ್ಲಿ ಮಾತ್ರ ಎಳೆಬಿಸಿಲು. ಸೂರ್ಯನಿಗೆ ಬೆನ್ನು ಮಾಡಿ ನಿಂತರೆ ಕೆಳಗಿನ ಮಂಜಿನ ಮೇಲೆ ನಮ್ಮದೇ ನೆರಳು ಚಾಚಿಕೊಂಡು, ಅದರ ತಲೆಯ ಸುತ್ತ ಬಣ್ಣದ ಬಳೆಗಳು ಮೂಡುವುದೂ ಉಂಟು. ಜರ್ಮನಿಯ ಬ್ರೋಕನ್ ಶಿಖರದಲ್ಲಿ ಇದನ್ನು ಕಂಡು ನಿಸರ್ಗ ವಿಜ್ಞಾನಿ ಯೋಹಾನ್ ಸಿಲ್ಬರ್‌ಶ್ಲಾಗ್ 1780ರಲ್ಲಿ ವಿವರಿಸಿದ ಕಾರಣ ಆ ಬೆಟ್ಟದ ಹೆಸರೇ ಇದಕ್ಕೆ ಅಂಟಿಕೊಂಡಿದೆ. ಪಕ್ಕದಲ್ಲಿ ಹತ್ತು ಜನ ನಿಂತಿದ್ದರೂ ಪ್ರತಿಯೊಬ್ಬರಿಗೂ ಆ ಬಳೆಗಳು ಕಾಣುವುದು ತಮ್ಮ ತಲೆಯ ಸುತ್ತ ಮಾತ್ರ. ಬೆಟ್ಟದ ಮೇಲೆ ಒಂಟಿಯಾಗಿ ನಿಂತು ತಮ್ಮನ್ನು ತಾವು ಕಂಡುಕೊಂಡೆವೆಂದು ಬರೆಯುವವರ ವಿಷಯದಲ್ಲಿ ನಾನು ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ!

ಆ ಬೆಳಗಿನ ಸೊಬಗನ್ನು ನಂಬಿ ಗಾಳಿ ತಡೆಯುವ ಅಂಗಿಯನ್ನು ಬಿಟ್ಟು ಹೋಗುವುದು ಮಾತ್ರ ಅಪಾಯ. ದೇಹದ ಶಾಖ ಅಪಾಯದ ಮಟ್ಟಕ್ಕೆ ಇಳಿಯಲು ಹಿಮವೇ ಬೀಳಬೇಕೆಂದಿಲ್ಲ. ಬೆವರಿನಲ್ಲಿ ತೊಯ್ದ ಬಟ್ಟೆ, ಬಯಲು ಶಿಖರದ ಗಾಳಿ, ಶೂನ್ಯಕ್ಕಿಂತ ಕೆಲವು ಡಿಗ್ರಿ ಮೇಲಿನ ಉಷ್ಣಾಂಶ ಇವಿಷ್ಟೇ ಸಾಕು.

ಇನ್ನು ಇಳಿಜಾರು. ಇಳಿಯುವಾಗ ಪ್ರತಿ ಹೆಜ್ಜೆಯಲ್ಲೂ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಿರುವಾಗಲೇ ದೇಹದ ಭಾರವನ್ನು ಬಿಗಿಹಿಡಿಯಬೇಕು, ಹತ್ತುವಾಗ ತಿಳಿಯದ ನಡುಕ ಆಗ ಶುರುವಾಗುತ್ತದೆ. ಆ ನಡುಗುವ ಕಾಲಿನ ಕೆಳಗೆ ಈ ಋತುವಿನಲ್ಲಿ ಇರುವುದು ಎಲೆಗಳ ಹಾಸು. ಹಸಿರು ಬಣ್ಣ ಕರಗಿ, ಒಳಗೆ ಮೊದಲಿಂದಲೂ ಇದ್ದ ಹಳದಿ ಹೊರಬಿದ್ದು, ಕೆಲವು ಮರಗಳಲ್ಲಿ ಹೊಸದಾಗಿ ಕೆಂಪು ಕೂಡಿಕೊಂಡ ಆ ಎಲೆಗಳು ಕಣ್ಣಿಗೆ ಹಬ್ಬವೇನೋ ಹೌದು. ಆದರೆ ನೆಲಕ್ಕೆ ಬಿದ್ದು ಒದ್ದೆಯಾದ ನಂತರ ಮೇಲಿನ ಪದರ ಒಣಗಿ ಗರಿಗರಿಯೆನ್ನುತ್ತದೆ, ಕೆಳಗಿನ ಪದರ ಬಂಡೆಗೆ ಅಂಟಿಕೊಂಡು ಜಾರುತ್ತದೆ, ಅದರಡಿಯ ಬೇರು ಯಾವುದು ಗುಂಡಿ ಯಾವುದು ಎಂದು ಗೊತ್ತಾಗುವುದಿಲ್ಲ. ನೈಸ್ಮಿತ್ ಸೂತ್ರದಲ್ಲಿ ಇಳಿಯುವುದಕ್ಕೆಂದು ಬೇರೆ ಹೊತ್ತಿಲ್ಲ. ಎಲೆ ತುಂಬಿದ ಕಾಡಿನ ದಾರಿಗೆ ಅದನ್ನು ನಂಬಲಾಗದು. ಇಂತಹ ದಾರಿಯನ್ನು ಬೆಳಕಿರುವಾಗಲೇ ಇಳಿಯಬೇಕೆಂಬುದೇ ಆ ಚೀಟಿಯ ಮೂಲ ಉದ್ದೇಶ.

ಹಣೆಗೆ ಕಟ್ಟುವ ದೀಪ, ಸೀಟಿ, ಕಾಗದದ ನಕ್ಷೆ, ದಿಕ್ಸೂಚಿ ಇಷ್ಟು ಹೇಗೂ ಚೀಲದಲ್ಲಿರಬೇಕು. ಚಳಿಗೆ ಮೊಬೈಲಿನ ಬ್ಯಾಟರಿ ಬೇಗ ಸೋಲುವುದರಿಂದ ಅದನ್ನು ಒಳಜೇಬಿನಲ್ಲಿ ಇಟ್ಟುಕೊಳ್ಳುವುದು ಲೇಸು. ಬೆಟ್ಟಗಳಲ್ಲಿ ಸಹಾಯ ಕೋರುವ ಅಂತಾರಾಷ್ಟ್ರೀಯ ಸಂಕೇತವೆಂದರೆ ಒಂದು ನಿಮಿಷದಲ್ಲಿ 6 ಬಾರಿ ಸೀಟಿ ಅಥವಾ ದೀಪ, ಒಂದು ನಿಮಿಷ ಬಿಡುವು, ಮತ್ತೆ 6 ಬಾರಿ. ಕೇಳಿಸಿಕೊಂಡವರು ನಿಮಿಷಕ್ಕೆ 3 ಬಾರಿ ಉತ್ತರಿಸುತ್ತಾರೆ. ಮನೆಯವರ ಕೈಗೆ ದಾರಿಯ ವಿವರ ಕೊಟ್ಟು ಹೊರಡುವವರು ಶಿಖರಗಳ ಹೆಸರನ್ನಷ್ಟೇ ಬರೆದರೆ ಸಾಲದು. ಯಾವ ತಗ್ಗಿನಿಂದ ಯಾವ ಕಣಿವೆಗೆ ಇಳಿದುಬಿಡುವ ಸಾಧ್ಯತೆಯಿದೆ, ಎಷ್ಟು ಗಂಟೆಯವರೆಗೆ ಸುದ್ದಿ ಬಾರದಿದ್ದರೆ ರಕ್ಷಣಾ ತಂಡಕ್ಕೆ ತಿಳಿಸಬೇಕು ಎಂಬುದೂ ಅದರಲ್ಲಿರಬೇಕು. ಇಲ್ಲವಾದರೆ ಜಾಣತನದಿಂದ ಕೊನೆಯ ಶಿಖರ ಬಿಟ್ಟು ಇಳಿಯುವಾಗ ದಾರಿಯಲ್ಲಿ ಕಾಲು ಮುರಿದುಕೊಂಡು ಬಿದ್ದವರನ್ನು, ಹುಡುಕುವವರು ಅವರು ಹತ್ತಲೇ ಇಲ್ಲದ ಆ ಶಿಖರದ ಮೇಲೆ ಹುಡುಕುತ್ತಿರುತ್ತಾರೆ.