ಊಜೋ ಬೆಳ್ಳಗಾದರೆ ಕಲಬೆರಕೆ ಅಲ್ಲ

ಗ್ರೀಸ್‌ಗೆ ಹೋದವರ ವಾಟ್ಸಾಪ್ ಗುಂಪುಗಳಲ್ಲಿ ಅಲ್ಲಿನ ಸೋಂಪಿನ ಘಮದ ಮದ್ಯವಾದ ಊಜೋ ಬಗ್ಗೆ ಒಂದು ಮಾತು ಓಡಾಡುತ್ತಿದೆ: 'ನೀರು ಬೆರೆಸಿದ ಕೂಡಲೇ ಊಜೋ ಹಾಲಿನಂತಾದರೆ ಅದರಲ್ಲಿ ಕೆಮಿಕಲ್ ಇದೆ, ಕುಡಿಯಬೇಡಿ.' ಇದು ತಪ್ಪು. ಬೆಳ್ಳಗಾಗುವುದೇ ಊಜೋದ ಗುಣ.

ಊಜೋಗೆ ಘಮ ಕೊಡುವುದು ಅನೆಥೋಲ್ ಎಂಬ ಎಣ್ಣೆಯಂಶ. ನಾವು ಊಟದ ಮೇಲೆ ಬಾಯಿಗೆ ಹಾಕಿಕೊಳ್ಳುವ ಸೋಂಪಿನಲ್ಲೂ ಅದೇ ಇದೆ. ಅದು ಆಲ್ಕೋಹಾಲಿನಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಊಜೋದಲ್ಲಿ ಆಲ್ಕೋಹಾಲ್ ಕನಿಷ್ಠ ಶೇ 37.5 ಇರಲೇಬೇಕು. ನೀರು ಬಿದ್ದಾಗ ಆ ಪ್ರಮಾಣ ಇಳಿಯುತ್ತದೆ, ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ಹೊರಬರುತ್ತದೆ, ಬೆಳಕು ಚದುರಿ ಗ್ಲಾಸು ಮಬ್ಬಾಗುತ್ತದೆ. ಅಷ್ಟೇ! ವಿಜ್ಞಾನಿಗಳೂ ಇದನ್ನು 'ಊಜೋ ಪರಿಣಾಮ' ಎಂದೇ ಕರೆಯುತ್ತಾರೆ.

ಬಾಟಲಿಯನ್ನು ಫ್ರಿಜ್‌ನಲ್ಲಿಟ್ಟರೆ ಬಿಳಿ ಹರಳು ಕಟ್ಟಬಹುದು. ಅದಕ್ಕೂ ಗಾಬರಿ ಬೇಡ, ಹೊರಗಿಟ್ಟರೆ ಕರಗುತ್ತದೆ. ಕುಡಿಯುವಾಗ ಗ್ಲಾಸಿಗೆ ಮೊದಲು ತಣ್ಣೀರು, ಆಮೇಲೆ ಐಸ್. ಒಂದೇ ಗುಟುಕಿಗೆ ಎತ್ತುವುದು ಸುಮ್ನೆ ಹುಡುಗಾಟ. ಗ್ರೀಕರು ಸುಟ್ಟ ಆಕ್ಟೋಪಸ್, ಆಲಿವ್ ಮುಂದಿಟ್ಟುಕೊಂಡು ಗಂಟೆಗಟ್ಟಲೆ ಹೀರುತ್ತಾರೆ.

ನಕಲಿಯ ಭಯವಿದ್ದರೆ ಲೇಬಲ್ ನೋಡಿ. ಐರೋಪ್ಯ ಒಕ್ಕೂಟದಲ್ಲಿ ಊಜೋ ಹೆಸರು ಗ್ರೀಸ್ ಮತ್ತು ಸೈಪ್ರಸ್‌ಗೆ ಮಾತ್ರ ಮೀಸಲು.